ಹಳ್ಳಿಮನೆಯ ಅಡುಗೆಗೆ ಗೋಬರ್ ಗ್ಯಾಸ್ ಸಾಕೇ?

ಪರ

ಕೊಟ್ಟಿಗೆಯಲ್ಲಿ ನಾಲ್ಕೈದು ದನ ಕಟ್ಟಿಕೊಂಡವರೂ ಸಿಲಿಂಡರ್ ಗಾಡಿಯ ದಾರಿ ಕಾಯುತ್ತಾರೆ. ನನಗಂತೂ ಇದು ವಿಚಿತ್ರವಾಗಿ ಕಾಣುತ್ತದೆ. ದಿನಕ್ಕೆ ಎರಡು ಘನ ಮೀಟರ್ ಅನಿಲ ಕೊಡುವ ಗೋಬರ್ ಗ್ಯಾಸ್ ಸ್ಥಾವರಕ್ಕೆ ಸುಮಾರು 50 ಕಿಲೋ ಸಗಣಿ, ಅಷ್ಟೇ ನೀರು ಬೇಕು. ಒಂದು ಘನ ಮೀಟರ್ ಅನಿಲದ ಉರಿ 400 ಗ್ರಾಂ ಎಲ್‌ಪಿಜಿಗಿಂತ ಕಡಿಮೆಯಿಲ್ಲ. ತಿಂಗಳ ಲೆಕ್ಕ ಹಾಕಿ: ಹೆಚ್ಚುಕಡಿಮೆ ಎರಡು ಸಿಲಿಂಡರ್ ಹಿತ್ತಿಲಿನಲ್ಲೇ ಹುಟ್ಟುತ್ತದೆ. ದೇಶಕ್ಕೆ ಬೇಕಾದ ಎಲ್‌ಪಿಜಿಯಲ್ಲಿ ಅರ್ಧಕ್ಕೂ ಹೆಚ್ಚು ಹಡಗಿನಲ್ಲಿ ಬರುತ್ತಿರುವಾಗ ಇದು ಸಣ್ಣ ಮಾತಲ್ಲ.

ಆದರೂ ಒಲೆಗಿಂತ ದೊಡ್ಡ ಲಾಭ ಅನಿಲ ಕೊಟ್ಟ ಮೇಲೆ ಉಳಿಯುವ ಸಗಣಿ ಬಗ್ಗಡದ್ದು. ಬೆರಣಿ ತಟ್ಟಿ ಉರಿಸಿದರೆ ಸಗಣಿಯ ಸಾರಜನಕ ಹೊಗೆಯಲ್ಲಿ ಹೋಗಿ ಬೂದಿ ಉಳಿಯುತ್ತದೆ. ಸ್ಥಾವರದಲ್ಲಿ ಅನಿಲವಾಗಿ ಹೊರಬರುವುದು ಮುಖ್ಯವಾಗಿ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್. ಸಾರಜನಕದ ಬಹುಪಾಲು ಬಗ್ಗಡದಲ್ಲೇ ಇರುತ್ತದೆ. ಶಿರಸಿ ಸೀಮೆಯ ಅಡಿಕೆ ಬೆಳೆಗಾರರಲ್ಲಿ ಗೋಬರ್ ಗ್ಯಾಸ್ ಬೇರೂರಿದ್ದು ಸಹಾಯಧನವೊಂದರಿಂದಲೇ ಅಲ್ಲ. ಅದೇ ಸಗಣಿಯಿಂದ ಅಡುಗೆಯೂ ಆಗಬೇಕು, ತೋಟಕ್ಕೆ ಗೊಬ್ಬರವೂ ಆಗಬೇಕು ಎಂಬ ಪಕ್ಕಾ ಬೇಸಾಯಗಾರರ ಲೆಕ್ಕ ಅದು. ಅಡುಗೆಮನೆಯ ಹೊಗೆ, ಪಾತ್ರೆಯ ತಳದ ಮಸಿ ಹೋದದ್ದು ಅದರ ಮೇಲಿನ ಲಾಭ.

ವಿರೋಧ

ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಆ ನಾಲ್ಕೈದು ದನ ಯಾರ ಕೊಟ್ಟಿಗೆಯಲ್ಲಿವೆ? ಶಿರಸಿಯ ತೋಟಿಗರನ್ನು ತೋರಿಸಿ ಇಡೀ ನಾಡಿಗೆ ಪಾಠ ಹೇಳುವುದು ಸುಲಭ. ನಾನು ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯನ್ನು ತೋರಿಸುತ್ತೇನೆ. ಭಾರತೀಯ ವಿಜ್ಞಾನ ಸಂಸ್ಥೆಯ ಗ್ರಾಮೀಣ ತಂತ್ರಜ್ಞಾನ ಕೇಂದ್ರ ‘ಅಸ್ತ್ರ’ದವರು ಅಲ್ಲಿ ಊರಿಗೆಲ್ಲ ಸೇರಿ ಅನಿಲ ಸ್ಥಾವರ ಕಟ್ಟಿದರು. ಎಲ್ಲ ಮನೆಗಳ ಅಡುಗೆಗೆ ಸಾಕಾಗುವಷ್ಟು ಅನಿಲ ಬರಲಿಲ್ಲ. 1987ರಲ್ಲಿ ಅದೇ ಅನಿಲದಿಂದ ಎಂಜಿನ್ ಓಡಿಸಿ ನೀರೆತ್ತಿದರು, ದೀಪ ಹಚ್ಚಿದರು. ಆಗ ಯೋಜನೆ ಊರಿನವರಿಗೆ ಒಗ್ಗಿತು. ಕೊಳವೆಬಾವಿಯ ನೀರು, ಮನೆಗೆ ಬೆಳಕು ಸಿಕ್ಕಿತು. ಅಡುಗೆ ಮಾತ್ರ ಮೊದಲಿನಂತೆ ಸೌದೆಯ ಒಲೆಯಲ್ಲೇ. ವಿಜ್ಞಾನಿಗಳೇ ಬೆನ್ನಿಗೆ ನಿಂತ ಊರಿನ ಕಥೆ ಇದು! ಟ್ರ್ಯಾಕ್ಟರ್ ಬಂದು ಎತ್ತುಗಳನ್ನು ಮಾರಿದ ಬಯಲುಸೀಮೆಯ ಮನೆಗೆ 50 ಕಿಲೋ ಸಗಣಿ ಎಲ್ಲಿಂದ ಬರಬೇಕು?

ಇನ್ನು ದುಡಿಮೆ. ಬೆಳಗಾಗುತ್ತಲೇ ತೊಟ್ಟಿಗೆ ಸಗಣಿ ಸುರಿದು, ಹುಲ್ಲು ಕಡ್ಡಿ ಹೆಕ್ಕಿ, ಗಂಟಿಲ್ಲದಂತೆ ಕದಡಿ ಒಳಗೆ ಬಿಡಬೇಕು. ಪೈಪಿನಲ್ಲಿ ನೀರು ತಂಗಿದರೆ ಉರಿ ಕುಣಿಯುತ್ತದೆ, ಅದನ್ನು ಬಸಿಯಬೇಕು. ಚಳಿಗಾಲದಲ್ಲಿ ಅನಿಲವೇ ಕಡಿಮೆ. ಈ ಚಾಕರಿಯೆಲ್ಲ ಹೆಚ್ಚಾಗಿ ಯಾರ ಪಾಲಿಗೆ ಎಂದು ಬಿಡಿಸಿ ಹೇಳಬೇಕಿಲ್ಲ. ಗೋಬರ್ ಗ್ಯಾಸ್ ‘ಪುಕ್ಕಟೆ’ ಎನ್ನುವವರ ಲೆಕ್ಕದಲ್ಲಿ ಅವಳ ಕೂಲಿ ಇರುವುದೇ ಇಲ್ಲ. ಅನಿಲ ತುಂಬುವ ಡೋಮ್ ಬಿರುಕು ಬಿಟ್ಟರಂತೂ ಮೀಥೇನ್ ಗಾಳಿಗೆ ಸೋರುತ್ತದೆ. ನೂರು ವರ್ಷದ ಅವಧಿಗೆ ಅಳೆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ 25 ಪಟ್ಟಿಗೂ ಹೆಚ್ಚು ಜೋರು.

ದನವಿದ್ದವರು ಕಟ್ಟಿಕೊಳ್ಳಲಿ, ನನ್ನದೇನೂ ತಕರಾರಿಲ್ಲ. ಆದರೆ ಸೌದೆಯ ಹೊಗೆಯಲ್ಲಿ ಕೆಮ್ಮುತ್ತಿರುವವರಲ್ಲಿ ದನವಿಲ್ಲದವರು ಬಹಳ. ಉಜ್ವಲದ ಸಂಪರ್ಕ ಪಡೆದೂ ಎರಡನೆಯ ಸಿಲಿಂಡರ್ ತುಂಬಿಸಲಾಗದ ಮನೆಗೆ ಸರ್ಕಾರ ಮೊದಲು ಸಿಲಿಂಡರಿನ ಬೆಲೆ ಇಳಿಸಲಿ.