ಆ ಮೂರು ವರ್ಷ ಖಾಲಿ ಇರಲಿಲ್ಲ

ಇವತ್ತು ಅಕ್ಕನ ಮಗಳ ಜೊತೆ ಶಿವಮೊಗ್ಗಕ್ಕೆ ಹೋಗಿದ್ದೆ. ಒಂದು ಸಂಶೋಧನಾ ಯೋಜನೆಯಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಕೆಲಸಕ್ಕೆ ಸಂದರ್ಶನ. ಒಳಗೆ ಹೋದವಳು ಹತ್ತೇ ನಿಮಿಷಕ್ಕೆ ಹೊರಗೆ ಬಂದಳು.

"ಎಂಎಸ್ಸಿ ಆದ್ಮೇಲೆ ಮೂರು ವರ್ಷ ಗ್ಯಾಪ್ ಯಾಕೆ ಅಂದ್ರು ಚಿಕ್ಕಮ್ಮ. ಅಪ್ಪಂಗೆ ಹುಷಾರಿರ್ಲಿಲ್ಲ, ತೋಟ ನೋಡ್ಕೋತಿದ್ದೆ ಅಂದೆ. ಹಂಗಾದ್ರೆ ಮೂರು ವರ್ಷ ಏನೂ ಮಾಡಿಲ್ಲ ಅಂದ್ರು. ಆಮೇಲೆ ಸಬ್ಜೆಕ್ಟ್ ಏನೂ ಕೇಳ್ಲೇ ಇಲ್ಲ."

ಏನೂ ಮಾಡಿಲ್ಲವಂತೆ! ಬಸ್ಸು ತೀರ್ಥಹಳ್ಳಿ ಮುಟ್ಟಿದರೂ ನನ್ನ ಸಿಟ್ಟು ಇಳಿದಿರಲಿಲ್ಲ.

ಭಾವನಿಗೆ ಲಕ್ವ ಹೊಡೆದ ಮಳೆಗಾಲ ನಿಮಗೆಲ್ಲ ನೆನಪಿರಬೇಕು. ಅಡಿಕೆ ಕೊಳೆತು ಉದುರುವ ಕೊಳೆರೋಗ ಶುರುವಾಗುವ ಹೊತ್ತು, ಮನೆಯಲ್ಲಿ ಓಡಾಡುವವರು ಯಾರೂ ಇಲ್ಲ. ಔಷಧಿ ಕದಡುವ ಕೆಲಸಕ್ಕೆ ಈ ಹುಡುಗಿಯೇ ನಿಂತಳು. ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಇನ್ನೊಂದರಲ್ಲಿ 50 ಲೀಟರಿಗೆ 1 ಕೆಜಿ ಸುಣ್ಣ. ಸುಣ್ಣದ ನೀರಿಗೆ ಮೈಲುತುತ್ತದ ನೀರು ಹೊಯ್ಯುತ್ತಾ ಕದಡಬೇಕು. ಆಮೇಲೆ ಹೊಳೆಯುವ ಕತ್ತಿಯ ಅಲಗನ್ನು ಅದರಲ್ಲಿ ಒಂದು ನಿಮಿಷ ಅದ್ದಿ ತೆಗೆಯುವುದು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ. ಹಾಗೇ ಹೊಡೆದರೆ ಹಿಂಗಾರ (ಅಡಿಕೆಯ ಹೂಗೊಂಚಲು), ಎಳೆಕಾಯಿ ಸುಟ್ಟುಹೋಗುತ್ತದೆ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರಿಗೆ ಈ ಪರೀಕ್ಷೆ ಅವರಪ್ಪನ ಕಾಲದಿಂದ ಗೊತ್ತು. ಕಬ್ಬಿಣವು ದ್ರಾವಣದಿಂದ ತಾಮ್ರವನ್ನು ಎಳೆದುಕೊಳ್ಳುತ್ತದೆ ಅಂತ ಕಣದಲ್ಲಿ ಕೂತು ಅವರಿಗೆ ವಿವರಿಸಿದವಳು ಇವಳು.

ಅಷ್ಟಕ್ಕೇ ಬಿಡಲಿಲ್ಲ. ನೋಟ್‌ಬುಕ್ ಇಟ್ಟಳು. ಯಾವತ್ತು ಎಷ್ಟು ಮಿಲಿಮೀಟರ್ ಮಳೆ, ಯಾವ ಸಾಲಿಗೆ ಯಾವ ದಿನ ಔಷಧಿ, ಮರದ ಬುಡದಲ್ಲಿ ಎಷ್ಟು ಕೊಳೆ ಅಡಿಕೆ ಉದುರಿತ್ತು, ಎಲ್ಲ ಇದೆ. 45 ದಿನದೊಳಗೆ ಎರಡನೇ ಸಲ ಹೊಡೆದ ಸಾಲಿಗೂ, ಮಳೆ ಬಿಡದೆ 60 ದಿನ ದಾಟಿದ ಸಾಲಿಗೂ ಎಷ್ಟು ವ್ಯತ್ಯಾಸ ಅಂತ ಮೂರು ಮಳೆಗಾಲದ ಲೆಕ್ಕ ಬರೆದಿದ್ದಾಳೆ. ಇದು ವಿಜ್ಞಾನ ಅಲ್ಲದಿದ್ದರೆ ಇನ್ಯಾವುದು?

ಅರ್ಜಿ ನೂರಾರು ಬರುತ್ತವೆ, ಯಾವುದಾದರೊಂದು ಜರಡಿ ಬೇಕಲ್ಲ ಅಂತ ಗೆಳತಿಯೊಬ್ಬಳು ಫೋನಿನಲ್ಲಿ ಹೇಳಿದಳು. ವಿಷಯ ಮುಂದೆ ಓಡುತ್ತಿರುತ್ತದೆ, ಬಿಟ್ಟವರು ಹಿಂದೆ ಬೀಳುತ್ತಾರೆ ಅಂತಲೂ ಅಂದಳು. ಹೌದು, ಜರಡಿ ಬೇಕು. ಆದರೆ ಹಿಂದೆ ಬಿದ್ದಿದ್ದಾಳೋ ಇಲ್ಲವೋ ಅಂತ ತಿಳಿಯಲು ಸಬ್ಜೆಕ್ಟಿನ ಎರಡು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಕೇಳಲೇ ಇಲ್ಲವಲ್ಲ!

ನಮ್ಮ ಜಿಲ್ಲೆಯದ್ದೇ ಒಂದು ಸಂಗತಿ ಹೇಳುತ್ತೇನೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನಕ್ಕೆ ಜ್ವರ ಹತ್ತಿತು. ಅದೇ ಮಂಗನ ಕಾಯಿಲೆ. ವೈರಸ್ ಪತ್ತೆಯಾಯಿತು, ಅದನ್ನು ಹರಡುವುದು ಉಣುಗು ಅಂತ ತಿಳಿಯಿತು. ಆ ಉಣುಗನ್ನು ಎಲ್ಲಿಂದಲೋ ವಲಸೆ ಹಕ್ಕಿಗಳು ಹೊತ್ತು ತಂದವೇ ಅನ್ನೋ ಪ್ರಶ್ನೆ ಎದ್ದಾಗ ಪಕ್ಷಿತಜ್ಞ ಸಲೀಂ ಅಲಿಯವರ ನೆರವು ಬೇಕಾಯಿತು. ಅವರು ಕಾಲೇಜು ಅರ್ಧಕ್ಕೆ ಬಿಟ್ಟು ಬರ್ಮಾಕ್ಕೆ ಹೋಗಿ ಮನೆಯವರ ಗಣಿ, ಮರದ ವ್ಯಾಪಾರ ನೋಡಿಕೊಂಡಿದ್ದವರು. ಅಲ್ಲಿನ ಕಾಡಿನಲ್ಲೂ ಹಕ್ಕಿ ನೋಡುತ್ತಲೇ ಇದ್ದರು. ಅವರನ್ನೂ ಯಾರಾದರೂ ಗ್ಯಾಪ್ ಯಾಕೆ ಅಂತ ಕೇಳಿ ಎಬ್ಬಿಸಿ ಕಳಿಸಿದ್ದರೆ?

ನನಗೆ ಇಷ್ಟು ನೋವಾಗಲು ಕಾರಣ ಇದೆ, ಇವತ್ತು ಹೇಳಿಬಿಡುತ್ತೇನೆ. ಪಿಎಚ್‌ಡಿ ಸಂದರ್ಶನದಲ್ಲಿ ನಾನು ಸುಳ್ಳು ಹೇಳಿದ್ದೆ. ನಾಲ್ಕು ವರ್ಷ ನೆಟ್ ಪರೀಕ್ಷೆಗೆ ಓದುತ್ತಿದ್ದೆ ಅಂದಿದ್ದೆ. ನಿಜಕ್ಕೂ ಆಗ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುತ್ತಿದ್ದೆ. ಬೇಸಿಗೆಯಲ್ಲಿ ಕಾಡಿಗೆ ಸೊಪ್ಪು, ದರಗು ತರಲು ಹೋಗಿ ಜ್ವರ ಹತ್ತಿಸಿಕೊಂಡು ಬಂದವರ ಪ್ಲೇಟ್‌ಲೆಟ್ ಎಣಿಸುತ್ತಾ ಕೂತಿದ್ದ ನನಗೆ, ಸಂಶೋಧನೆಯ ಪ್ರಶ್ನೆ ಹುಟ್ಟಿದ್ದೇ ಆ ಸೂಕ್ಷ್ಮದರ್ಶಕದ ಮುಂದೆ. ನನ್ನನ್ನು ವಿಜ್ಞಾನಿ ಮಾಡಿದ ಆ ನಾಲ್ಕು ವರ್ಷವನ್ನೇ ನಾಚಿಕೆಪಟ್ಟು ಮುಚ್ಚಿಟ್ಟೆ.

ಬಸ್ಸಿಳಿಯುವಾಗ ಅವಳು ಮೆಲ್ಲಗೆ ಕೇಳಿದಳು: "ಮುಂದಿನ ಅರ್ಜಿಯಲ್ಲಿ ತೋಟದ ವಿಷಯ ಬರೀಲಾ, ಬೇಡ್ವಾ ಚಿಕ್ಕಮ್ಮ?"

"ಮೊದಲ್ನೇ ಸಾಲಲ್ಲೇ ಬರಿ ಪುಟ್ಟೀ" ಅಂದೆ.

ನೋಟ್‌ಬುಕ್ ಈಗ ನನ್ನ ಮೇಜಿನ ಮೇಲಿದೆ. ಅಂಚಿಗೆಲ್ಲ ಮೈಲುತುತ್ತದ ನೀಲಿ ಕಲೆ. ನಾಳೆ ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಪೂರ್ತಿ ಜೆರಾಕ್ಸ್ ಮಾಡಿಸಬೇಕು, ಅರ್ಜಿಯ ಜೊತೆ ಲಗತ್ತಿಸಲಿಕ್ಕೆ.