ಗ್ಯಾಸ್ ಬಿಲ್ಲೂ ಆಯುಧವೇ

ರಷ್ಯಾದ ಹೈಬ್ರಿಡ್ ಯುದ್ಧ (ಸೇನೆಯ ಜೊತೆಗೆ ಅಥವಾ ಬದಲಿಗೆ ಹ್ಯಾಕಿಂಗ್, ಹಣ, ಇಂಧನದಂಥ ದಾರಿಗಳಿಂದ ಬೇರೆ ದೇಶವನ್ನು ಕಾಡುವುದು) ಅಂದ ಕೂಡಲೇ ಎಲ್ಲರ ಬಾಯಲ್ಲೂ ಹ್ಯಾಕರ್‌ಗಳ ಮಾತು. ನನ್ನ ಕೇಳಿದರೆ ಅದಕ್ಕಿಂತ ಪಳಗಿದ ಆಯುಧ ಗ್ಯಾಸ್ ಬಿಲ್ಲು.

ಉಕ್ರೇನ್, ರೊಮೇನಿಯಾಗಳ ನಡುವಿನ ಪುಟ್ಟ ದೇಶ ಮಾಲ್ಡೋವಾ ನೋಡಿ. ಅದರ ಬಹುಪಾಲು ಕರೆಂಟು ಬರುತ್ತಿದ್ದದ್ದು ಕುಚುರ್ಗಾನ್ ವಿದ್ಯುತ್ ಸ್ಥಾವರದಿಂದ. ಅದಿರುವುದು ಮಾಲ್ಡೋವಾದೊಳಗೇ ಪ್ರತ್ಯೇಕತಾವಾದಿಗಳ ಕೈಯಲ್ಲಿರುವ ಟ್ರಾನ್ಸ್‌ನಿಸ್ಟ್ರಿಯಾ ಪ್ರದೇಶದಲ್ಲಿ, ಮಾಲೀಕರು ರಷ್ಯಾದವರು, ಉರಿಯುತ್ತಿದ್ದದ್ದು ರಷ್ಯಾದ ಸರ್ಕಾರಿ ಕಂಪನಿ ಗಾಜ್‌ಪ್ರೋಮ್‌ನ ಗ್ಯಾಸ್. 2025ರ ಜನವರಿ 1ರಂದು ಆ ಗ್ಯಾಸ್ ನಿಂತಿತು. ಉಕ್ರೇನ್ ಮೂಲಕ ಗ್ಯಾಸ್ ಸಾಗಿಸುವ ಒಪ್ಪಂದ ಮುಗಿದಿತ್ತು, ನಿಜ. ಆದರೆ ಟರ್ಕಿ ಕಡೆಯಿಂದ ಕಳಿಸಬಹುದಿತ್ತು. ಸುಮಾರು 70.9 ಕೋಟಿ ಡಾಲರ್ ಬಾಕಿ ಇದೆ ಎಂದು ಗಾಜ್‌ಪ್ರೋಮ್ ಕೈಯೆತ್ತಿತು. ಲೆಕ್ಕಪರಿಶೋಧನೆ ಮಾಡಿಸಿದ ಮಾಲ್ಡೋವಾ ಒಪ್ಪಿದ್ದು 86 ಲಕ್ಷ ಡಾಲರ್ ಮಾತ್ರ. ವಿಪರ್ಯಾಸ ಏನು ಗೊತ್ತೇ? ಚಳಿಯಲ್ಲಿ ನಡುಗಿದ್ದು ರಷ್ಯಾವನ್ನೇ ನಂಬಿದ್ದ ಟ್ರಾನ್ಸ್‌ನಿಸ್ಟ್ರಿಯಾದ ಜನ. ಉಳಿದ ಮಾಲ್ಡೋವಾ ರೊಮೇನಿಯಾದಿಂದ ದುಬಾರಿ ಕರೆಂಟು ಕೊಂಡಿತು. ಬಿಲ್ಲು ಕಟ್ಟುವವನ ಸಿಟ್ಟು ಮಾಸ್ಕೋ ತನಕ ಹೋಗುವುದಿಲ್ಲ, ತನ್ನದೇ ಸರ್ಕಾರದ ಮೇಲೆ ತಿರುಗುತ್ತದೆ. ಅದೇ ವರ್ಷ ಅಲ್ಲಿ ಸಂಸತ್ ಚುನಾವಣೆಯೂ ಇತ್ತು.

ಅದಕ್ಕೂ ಮೊದಲು, 2024ರ ಅಕ್ಟೋಬರ್ 20ರಂದು, ಯುರೋಪಿಯನ್ ಒಕ್ಕೂಟ ಸೇರುವ ಗುರಿಯನ್ನು ಸಂವಿಧಾನದಲ್ಲಿ ಬರೆಯಲು ಜನಮತಗಣನೆ ನಡೆದಿತ್ತು. ಬ್ಯಾಂಕ್ ವಂಚನೆಯಲ್ಲಿ ಶಿಕ್ಷೆಯಾಗಿ ದೇಶ ಬಿಟ್ಟ ಮಾಲ್ಡೋವಾದ ಉದ್ಯಮಿ-ರಾಜಕಾರಣಿ ಇಲಾನ್ ಶೋರ್‌ನ ಜಾಲ ವಿರುದ್ಧ ಮತ ಹಾಕಿಸಲು ರಷ್ಯಾದ ಬ್ಯಾಂಕ್ ಮೂಲಕ 1.3 ಲಕ್ಷಕ್ಕೂ ಹೆಚ್ಚು ಮಂದಿಗೆ ದುಡ್ಡು ಹಂಚಿದೆ ಎಂದು ಪೊಲೀಸರು ಹೇಳಿದರು. ಪರವಾಗಿ ಬಂದ ಮತ ಬರೀ 50.35%.

ಇನ್ನು ಹ್ಯಾಕಿಂಗ್. 2015ರ ಡಿಸೆಂಬರ್ 23ರಂದು ಹ್ಯಾಕರ್‌ಗಳು ಉಕ್ರೇನ್‌ನಲ್ಲಿ ಕರೆಂಟು ಕಡಿದ ಪ್ರಕರಣವನ್ನು ಬಿಡಿಬಿಡಿಯಾಗಿ ನೋಡಬೇಕು. ಮೊದಲು ಸಿಬ್ಬಂದಿಗೆ ಮ್ಯಾಕ್ರೋ (ತಾನಾಗಿ ಓಡುವ ಪುಟ್ಟ ಪ್ರೋಗ್ರಾಂ) ಅಡಗಿಸಿದ ಆಫೀಸ್ ಫೈಲುಗಳ ಇಮೇಲ್. ಒಳನುಗ್ಗಿ ತಿಂಗಳುಗಟ್ಟಲೆ ಪಾಸ್‌ವರ್ಡ್ ಸಂಗ್ರಹ. ಆ ದಿನ ಮೂರು ವಿದ್ಯುತ್ ವಿತರಣಾ ಕಂಪನಿಗಳ ಕಂಟ್ರೋಲ್ ರೂಮಿನಲ್ಲಿ ಆಪರೇಟರ್ ನೋಡುತ್ತಿದ್ದಂತೆಯೇ ಕರ್ಸರ್ ತಾನಾಗಿ ಓಡಾಡಿ ಬ್ರೇಕರ್‌ಗಳು (ಕರೆಂಟು ಹರಿಸುವ, ಕಡಿಯುವ ದೊಡ್ಡ ಸ್ವಿಚ್ಚುಗಳು) ತೆರೆದುಕೊಂಡವು. ಸುಮಾರು 2.25 ಲಕ್ಷ ಗ್ರಾಹಕರಿಗೆ ಕತ್ತಲು. ಜೊತೆಗೆ ಕಂಟ್ರೋಲ್ ರೂಮಿನ ಯುಪಿಎಸ್ ಬಂದ್, ದೂರು ಸ್ವೀಕರಿಸುವ ಫೋನಿಗೆ ಸುಳ್ಳು ಕರೆಗಳ ಸುರಿಮಳೆ, ಸಬ್‌ಸ್ಟೇಷನ್ನಿನ ಸಂವಹನ ಉಪಕರಣಗಳ ಫರ್ಮ್‌ವೇರ್ (ಉಪಕರಣ ನಡೆಸುವ ಒಳಗಿನ ತಂತ್ರಾಂಶ) ಕೆಡಿಸಿ ದೂರದಿಂದ ಮತ್ತೆ ಸ್ವಿಚ್ ಹಾಕದಂತೆ ಮಾಡಿದ್ದು. ಕೆಲವೇ ಗಂಟೆಗಳಲ್ಲಿ ಕರೆಂಟು ಬಂದದ್ದು ಹೇಗೆ? ಸಿಬ್ಬಂದಿ ಸಬ್‌ಸ್ಟೇಷನ್‌ಗಳಿಗೇ ಹೋಗಿ ಕೈಯಿಂದ ಬ್ರೇಕರ್ ಹಾಕಿದರು. ಪೂರ್ತಿ ಆಟೊಮೇಷನ್ನೇ ಆಧುನಿಕತೆ ಎನ್ನುವವರು ಈ ಸಂಗತಿ ಓದಿದರೆ ಒಳ್ಳೆಯದು.

ರಷ್ಯಾದ ಮೇಲಿನ ಅವಲಂಬನೆಯಲ್ಲಿ ಬಾಲ್ಟಿಕ್ ದೇಶಗಳು (ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ) ಇನ್ನೂ ಒಂದು ಹೆಜ್ಜೆ ಮುಂದಿದ್ದವು. ಅವುಗಳ ವಿದ್ಯುತ್ ಗ್ರಿಡ್‌ನ ಫ್ರೀಕ್ವೆನ್ಸಿ (ಇಡೀ ಜಾಲ ಒಂದೇ ಲಯದಲ್ಲಿ ಓಡಲು ಬೇಕಾದ ವೇಗ) 2025ರ ಫೆಬ್ರವರಿ ತನಕ ಮಾಸ್ಕೋ ಹಿಡಿತದಲ್ಲಿತ್ತು! ಸೋವಿಯತ್ ಕಾಲದ ಆ ನಂಟು ಕಡಿದು ಪೋಲೆಂಡ್ ಮೂಲಕ ಯುರೋಪಿನ ಗ್ರಿಡ್‌ಗೆ ಸೇರಲು ಮೂವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

ಹಾಗೆ ಸೇರುವುದಕ್ಕೆ ಆರು ವಾರ ಮೊದಲು, 2024ರ ಕ್ರಿಸ್‌ಮಸ್ ದಿನ, ಫಿನ್‌ಲ್ಯಾಂಡ್–ಎಸ್ಟೋನಿಯಾ ನಡುವಿನ 650 ಮೆಗಾವ್ಯಾಟ್‌ನ ಎಸ್ಟ್‌ಲಿಂಕ್ 2 ಎಂಬ ಸಮುದ್ರದಡಿಯ ವಿದ್ಯುತ್ ಕೇಬಲ್ ತುಂಡಾಯಿತು. ರಷ್ಯಾದ ಬಂದರಿನಿಂದ ತೈಲ ಹೊತ್ತು ಬಂದ ಈಗಲ್ ಎಸ್ ಹಡಗನ್ನು ಫಿನ್‌ಲ್ಯಾಂಡ್ ತಡೆದು ನಿಲ್ಲಿಸಿತು. ಕೇಬಲ್ ಮೇಲೆ ಹಡಗಿನ ಲಂಗರು ಎಳೆದದ್ದು ಉದ್ದೇಶಪೂರ್ವಕ ಎನ್ನುವುದು ಪ್ರಾಸಿಕ್ಯೂಷನ್ ವಾದ, ಅದು ಅಪಘಾತ ಎನ್ನುವುದು ಹಡಗಿನವರ ವಾದ. 2025ರ ಅಕ್ಟೋಬರಿನಲ್ಲಿ ಹೆಲ್ಸಿಂಕಿ ಕೋರ್ಟು ಪ್ರಕರಣವನ್ನೇ ಕೈಬಿಟ್ಟಿತು: ಘಟನೆ ನಡೆದದ್ದು ಫಿನ್‌ಲ್ಯಾಂಡ್‌ನ ಪ್ರಾದೇಶಿಕ ಸಮುದ್ರದ ಹೊರಗೆ, ವಿಚಾರಣೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ಆರೋಪಿಗಳ ವಕೀಲರ ಖರ್ಚನ್ನೂ ಸರ್ಕಾರವೇ ಕೊಡಲಿ ಎಂದಿತು.