ಏಳು ಕೆಜಿ ಅಂದರೆ ಬೆಡ್‌ಶೀಟ್ ಒಣಗುತ್ತದೆ ಅಂತ ಅಲ್ಲ

ಮೂರನೇ ಸಲ ಡ್ರೈಯರ್ ಬಾಗಿಲು ತೆಗೆದೆ. ಮೂರನೇ ಸಲವೂ ಅದೇ ಉಂಡೆ. ಹೊರಗಿನ ಪದರ ಕೈ ಸುಡುವಷ್ಟು ಬಿಸಿ, ಗರಿಗರಿ. ಬಿಡಿಸುತ್ತಾ ಹೋದರೆ ನಡುವೆ ಒದ್ದೆಯೋ ಒದ್ದೆ. ದಿಂಬಿನ ಕವರ್ ಎರಡು ಕಾಣುವುದಿಲ್ಲ ಅಂತ ಹುಡುಕಿದರೆ ಅವೂ ಆ ಉಂಡೆಯ ಒಳಗೇ ಸಿಕ್ಕಿಕೊಂಡಿವೆ. ಮೆಷಿನ್ ಮಾತ್ರ ಕೆಲಸ ಮುಗಿಯಿತು ಅಂತ ಬೀಪ್ ಹೊಡೆದು ನಿಂತಿದೆ. ಸಿಟ್ಟು ಬರದೆ ಇನ್ನೇನು ಬರುತ್ತದೆ?

ನಮ್ಮ ಮನೆ ಬದಿಯಡ್ಕದಿಂದ ಒಳಗೆ. ಕಾಸರಗೋಡಿನ ಮಳೆ ನೋಡಿದವರಿಗೆ ಬೇರೆ ಹೇಳಬೇಕಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಜಗಲಿಯಲ್ಲಿ ಹರವಿದ ಬೈರಾಸು (ಮೈ ಒರೆಸುವ ಟವೆಲ್) ಮೂರು ದಿನ ಆದರೂ ಪಸೆ ಬಿಡುವುದಿಲ್ಲ. ಹಾಗಿರುವಾಗ ಬೆಡ್‌ಶೀಟಿನ ಕಥೆ ಏನು?

ಅತ್ತೆ ಸೊಂಟದ ಮೂಳೆ ಮುರಿದುಕೊಂಡು ಮಲಗಿ ಏಳು ತಿಂಗಳಾಯಿತು. ದಿನಕ್ಕೆ ಎರಡು ಶೀಟ್ ಬೇಕು, ಕೆಲವು ದಿನ ಮೂರು. ಹಾಸಿಗೆ ಹಿಡಿದವರನ್ನು ಮನೆಗೇ ಬಂದು ನೋಡುವ ಪಂಚಾಯತಿನ ಪಾಲಿಯೇಟಿವ್ ನರ್ಸ್ ಮೊದಲ ದಿನವೇ ಹೇಳಿದ್ದರು, ಶೀಟಿನಲ್ಲಿ ಸುಕ್ಕು ಇರಬಾರದು, ಪಸೆ ಇರಬಾರದು ಅಂತ. ಮಲಗಿದಲ್ಲೇ ಇರುವವರ ಚರ್ಮ ಒದ್ದೆಯಲ್ಲಿ ಮೆತ್ತಗಾಗಿ ಬೇಗ ಒಡೆಯುತ್ತದೆ. ಹುಣ್ಣಾದರೆ ಮಾಯುವುದು ಕಷ್ಟ. ಸುಕ್ಕಾಗದ ಹಾಗೆ ಹಾಸಿಗೆಯ ಅಡಿಗೆ ಬಿಗಿಯಾಗಿ ಸಿಕ್ಕಿಸಬೇಕಾದರೆ ಶೀಟ್ ದೊಡ್ಡದೇ ಇರಬೇಕು. ನಮ್ಮದು 108 ಇಂಚು ಉದ್ದ, 108 ಇಂಚು ಅಗಲ. ಒಂಬತ್ತು ಅಡಿ ಚೌಕದ ಹತ್ತಿ ಬಟ್ಟೆ.

ಇದನ್ನೆಲ್ಲ ಬಾಯಿ ಬಿಟ್ಟು ಹೇಳಿಯೇ ಡ್ರೈಯರ್ ತಗೊಂಡದ್ದು. ಅಡಿಕೆ ಮಾರಿದ ಹಣ ಹಿಡಿದು, ಕುಂಬಳೆ, ಹೊಸಂಗಡಿ, ತಲಪಾಡಿ ದಾಟಿ ಮಂಗಳೂರಿನ ಒಂದು ದೊಡ್ಡ ಅಂಗಡಿಗೆ ಹೋದೆವು. ನಾನು ಕೇಳಿದ್ದು ಒಂದೇ ಪ್ರಶ್ನೆ. "ದೊಡ್ಡ ಬೆಡ್‌ಶೀಟ್ ಸರಿಯಾಗಿ ಒಣಗುತ್ತದಾ?"

"ಮನೆಯಲ್ಲಿ ಎಷ್ಟು ಜನ ಮೇಡಂ?"

"ಐದು."

"ಹಾಗಾದರೆ ಏಳು ಕೆಜಿ ಧಾರಾಳ."

ನಾನು ಕೇಳಿದ್ದು ಜನ ಎಷ್ಟು ಅಂತ ಅಲ್ಲವಲ್ಲ! ನಮ್ಮ ಶೀಟ್ ಒಣಗಿರುವಾಗ ಒಂದು ಕೆಜಿ ತೂಗುತ್ತದೆ. ಏಳು ಕೆಜಿಯ ಮೆಷಿನಿನಲ್ಲಿ ಅಂಥದ್ದು ಒಂದೂ ಒಣಗುವುದಿಲ್ಲ ಅಂದರೆ ಆ ಏಳು ಯಾವ ಲೆಕ್ಕ? ಮನೆಗೆ ತಂದು ಪೆಟ್ಟು ತಿಂದ ಮೇಲೆ ನಾನೇ ಓದಿ ತಿಳಿದುಕೊಂಡೆ. ಆ ಕೆಜಿ ಬರೇ ಒಣ ಬಟ್ಟೆಯ ತೂಕ. ಅಂಗಿ, ಲುಂಗಿ, ಬೈರಾಸು ಬಿಡಿಬಿಡಿಯಾಗಿ ಬೀಳುವ ಬಟ್ಟೆಗಳು. ಅವು ಮೇಲೆ ಹೋಗಿ ಕೆಳಗೆ ಬೀಳುವಾಗ ನಡುವೆ ಬಿಸಿ ಗಾಳಿ ನುಗ್ಗುತ್ತದೆ. ಒಂಬತ್ತು ಅಡಿಯ ಶೀಟ್ ಹಾಗೆ ಬೀಳುವುದಿಲ್ಲ. ಡ್ರಮ್ ಒಂದೇ ದಿಕ್ಕಿಗೆ ತಿರುಗಿದರೆ ಹಗ್ಗದ ಹಾಗೆ ಹೊಸೆದುಕೊಂಡು ಉಂಡೆಯಾಗುತ್ತದೆ. ಅದಕ್ಕೆ ಬೇಕಾದ್ದು ಜಾಗ. ಡ್ರಮ್ ಎಷ್ಟು ಲೀಟರ್, ಅದು ಎರಡೂ ಕಡೆಗೆ ತಿರುಗುತ್ತದಾ, ಇದು ಮೊದಲು ಕೇಳಬೇಕಾದ ಪ್ರಶ್ನೆ. ನಮ್ಮದರ ಡ್ರಮ್ ಸುಮಾರು 100 ಲೀಟರ್, ತಿರುಗುವುದು ಒಂದೇ ಕಡೆಗೆ. ಅಮೆರಿಕದಲ್ಲಿರುವ ನಾದಿನಿ ಫೋನಿನಲ್ಲಿ, "ಅತ್ತಿಗೆ, ನಮ್ಮಲ್ಲಿ ಮೂರು ಶೀಟ್ ಒಟ್ಟಿಗೆ ಹಾಕುತ್ತೇವೆ, ಏನೂ ಆಗುವುದಿಲ್ಲ" ಅಂದಳು. ಆಗುವುದಿಲ್ಲ ಯಾಕೆಂದರೆ ಅಲ್ಲಿನ ದೊಡ್ಡ ಡ್ರೈಯರಿನ ಡ್ರಮ್ 7 ಘನ ಅಡಿ, ಅಂದರೆ ಹತ್ತಿರ ಹತ್ತಿರ 200 ಲೀಟರ್. ನಮ್ಮದರ ಎರಡು ಪಟ್ಟು.

ಇನ್ನು ಆ ಸೆನ್ಸರ್. ಡ್ರಮ್ಮಿನ ಒಳಗೆ ಎರಡು ಲೋಹದ ಪಟ್ಟಿ ಇರುತ್ತದೆ. ಒದ್ದೆ ಬಟ್ಟೆ ತಾಗಿದರೆ ಅವುಗಳ ನಡುವೆ ಕರೆಂಟ್ ಹರಿಯುತ್ತದೆ, ಒಣಗಿದ ಬಟ್ಟೆ ತಾಗಿದರೆ ಹರಿಯುವುದಿಲ್ಲ. ಉಂಡೆಯ ಹೊರಪದರ ಒಣಗಿದ ಕೂಡಲೇ ಮೆಷಿನ್ ಎಲ್ಲವೂ ಒಣಗಿತು ಅಂತ ನಿಲ್ಲಿಸಿಬಿಡುತ್ತದೆ. "ಆಟೊಮ್ಯಾಟಿಕ್ ಮೇಡಂ, ನೀವು ನೋಡುವುದೇ ಬೇಡ" ಅಂದಿದ್ದನಲ್ಲ ಆ ಹುಡುಗ! ಈಗ ನಾನು ಪ್ರತಿ 15 ನಿಮಿಷಕ್ಕೆ ನಿಲ್ಲಿಸಿ, ಉಂಡೆ ಬಿಡಿಸಿ, ಕೊಡವಿ, ಟೈಮರಿಗೆ ಇಟ್ಟು ಮತ್ತೆ ಹಾಕುತ್ತೇನೆ. ರಾತ್ರಿ ಹನ್ನೊಂದು ಗಂಟೆಗೂ ಇದೇ ಕೆಲಸ.

ಕರೆಂಟಿನ ಲೆಕ್ಕವನ್ನೂ ಹೇಳುತ್ತೇನೆ. ವಾಷಿಂಗ್ ಮೆಷಿನಿನಿಂದ ತೆಗೆದ ಶೀಟ್ ತೂಗಿದೆ, 1 ಕೆಜಿ 700 ಗ್ರಾಂ. ಅಂದರೆ 700 ಗ್ರಾಂ ನೀರು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.63 ಯೂನಿಟ್ ಶಾಖ ಬೇಕು. ಸ್ವಲ್ಪ ನಷ್ಟ ಸೇರಿಸಿದರೂ ನಮ್ಮ ಶೀಟ್ ಒಂದು ಯೂನಿಟ್ ಒಳಗೆ ಒಣಗಬೇಕಿತ್ತು. ಮೊನ್ನೆ ಮೀಟರ್ ನೋಡಿದರೆ ಮೂರು ಸುತ್ತಿಗೆ ನಾಲ್ಕು ಯೂನಿಟ್! ಹೀಟ್ ಪಂಪ್ ಇರುವ, ಅಂದರೆ ಅದೇ ಬಿಸಿಯನ್ನು ಮತ್ತೆ ಮತ್ತೆ ಬಳಸುವ ಡ್ರೈಯರಿಗೆ ಕರೆಂಟ್ ಇದರ ಅರ್ಧದಷ್ಟೂ ಬೇಡ, ಹೊತ್ತು ಮಾತ್ರ ಜಾಸ್ತಿ ಹಿಡಿಯುತ್ತದೆ, ಬೆಲೆಯೂ ಜಾಸ್ತಿ. ಅಂಥದ್ದೊಂದು ಉಂಟು ಅಂತಲೂ ಆ ಅಂಗಡಿಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ನಮ್ಮದು ಹಬೆಯನ್ನು ಪೈಪಿನಲ್ಲಿ ಹೊರಗೆ ಬಿಡುವ ಜಾತಿ. ಕೂರಿಸಲು ಬಂದವನು ಪೈಪನ್ನು ಕೋಣೆಯ ಒಳಗೇ ಬಿಟ್ಟು ಹೋದ. ಹದಿನೈದು ದಿನದಲ್ಲಿ ಗೋಡೆಗೆ ಬೂಸ್ಟು ಬಂತು. ಕಿಟಕಿಯ ಗಾಜು ತೆಗೆಸಿ ಪೈಪ್ ಹೊರಗೆ ಹಾಕಿಸಿದ್ದು ನಾವೇ.

ದೂರು ಕೊಡೋಣ ಅಂತ ಫೋನ್ ಮಾಡಿದರೆ ಪಿನ್‌ಕೋಡ್ ಕೇಳುತ್ತಾರೆ. 671 ಅಂದ ಕೂಡಲೇ, "ಅದು ಕೇರಳ, ನಮಗೆ ಬರುವುದಿಲ್ಲ." ಕೇರಳದ ನಂಬರಿಗೆ ಮಾಡಿದರೆ ಮಲಯಾಳದಲ್ಲಿ, ಬಿಲ್ ಮಂಗಳೂರಿನದ್ದಲ್ವಾ, ಅಲ್ಲಿಯೇ ಕೇಳಿ. ಅತ್ತ ಅವರು ಇತ್ತ ತಳ್ಳುವುದು, ಇತ್ತ ಇವರು ಅತ್ತ ತಳ್ಳುವುದು. ಗಡಿಯಲ್ಲಿರುವವರ ಹಣ ಮಾತ್ರ ಎರಡೂ ಕಡೆ ನಡೆಯುತ್ತದೆ. ಕೊನೆಗೆ ಒಬ್ಬ ಬಂದ. ಬಾಗಿಲು ತೆಗೆದು ಹಾಕಿ ನೋಡಿದ. "ಮೆಷಿನಿಗೆ ಏನೂ ಆಗಿಲ್ಲ, ನೀವು ಸಣ್ಣ ಶೀಟ್ ಹಾಕಿ" ಅಂದು ಹೋದ.

ಮೊನ್ನೆ ಕರೆಂಟ್ ಹೋಯಿತು. ಬೇರೆ ಶೀಟ್ ಇರಲಿಲ್ಲ. ನಡುವೆ ತುಸು ಪಸೆ ಇದ್ದದ್ದನ್ನೇ ಹಾಸಿದೆ. ಅತ್ತೆ ಅಂಗೈಯಿಂದ ಮುಟ್ಟಿ ನೋಡಿ, "ತಂಪು ಉಂಟು ಮಗಳೇ, ಇರಲಿ" ಅಂದರು. ಆ "ಇರಲಿ" ಕೇಳಿ ನನಗೆ ಹೊಟ್ಟೆ ಉರಿಯಿತು. ಗಂಡ ಅದೇ ಸಂಜೆ ಬಚ್ಚಲಿನ ಒಲೆಯ ಮೇಲೆ ಬಿದಿರಿನ ಗಳ ಕಟ್ಟಿದರು. ಹೊಗೆ ವಾಸನೆ ಬರುತ್ತದೆ, ಆದರೆ ಶೀಟ್ ಪೂರ್ತಿ ಒಣಗುತ್ತದೆ.

ಸೋಮವಾರ ಮಂಗಳೂರಿಗೆ ಹೋಗುತ್ತೇನೆ. ಒದ್ದೆ ಶೀಟನ್ನು ಬಕೆಟಿನಲ್ಲಿ ಹಾಕಿಕೊಂಡೇ ಹೋಗುವುದು. ಅಂಗಡಿಯಲ್ಲಿ ಜನಕ್ಕೆ ತೋರಿಸಲು ಇಟ್ಟ ಏಳು ಕೆಜಿಯ ಮೆಷಿನಿಗೆ ನಾನೇ ಹಾಕುತ್ತೇನೆ. ಬೀಪ್ ಹೊಡೆದು ನಿಂತ ಮೇಲೆ ಆ ಹುಡುಗನೇ ಉಂಡೆ ಬಿಡಿಸಿ, ನಡುವಿಗೆ ಕೈ ಹಾಕಿ ನೋಡಲಿ.